ಮೊದಲು ಪಾರ್ಕಿನ ಶೌಚಾಲಯದ ಬೀಗ ತೆಗೆಸಿ

ಮಾನ್ಯ ಸಂಪಾದಕರೇ,

ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಪದೇ ಪದೇ ಮೂತ್ರಕ್ಕೆ ಅವಸರವಾಗುವ ತೊಂದರೆ ಅಂತ ಹೋದರೆ ಡಾಕ್ಟರು ಮಾತ್ರೆ ಬರೆದುಕೊಟ್ಟು, 'ದಿನಾ ವಾಕಿಂಗ್ ಮಾಡಿ' ಅನ್ನುತ್ತಾರೆ. ಮಾತು ಸರಿಯಾಗೇ ಇದೆ. ಆದರೆ ಈ ತೊಂದರೆ ಇರುವ ಗಂಡಸರು ವಾಕಿಂಗ್ ಹೊರಡಲು ಹಿಂಜರಿಯುವುದೇಕೆ ಅಂತ ಯಾರೂ ಕೇಳುವುದಿಲ್ಲ. ಅರ್ಧ ದಾರಿಯಲ್ಲಿ ಅವಸರವಾದರೆ ಹೋಗುವುದೆಲ್ಲಿಗೆ?

ನಮ್ಮ ಬಡಾವಣೆಯ ಪಾರ್ಕಿನಲ್ಲಿ ವಾಕಿಂಗ್ ಟ್ರ್ಯಾಕ್ ಇದೆ, ಓಪನ್ ಜಿಮ್ ಇದೆ, ಹಾಡು ಹಾಕಲು ಸ್ಪೀಕರೂ ಇದೆ. ಶೌಚಾಲಯವೂ ಇದೆ, ಅದಕ್ಕೆ ಬೀಗ. ಬೀಗದ ಕೈ ಮಾಲಿಯ ಹತ್ತಿರ. ಅವನು ಬರುವುದು ನಾವೆಲ್ಲ ವಾಕಿಂಗ್ ಮುಗಿಸಿ ಮನೆ ಸೇರಿದ ಮೇಲೆ. ಅವನ ತಪ್ಪಲ್ಲ, ಅವನ ಡ್ಯೂಟಿ ಶುರುವಾಗುವುದೇ ಆಗ. ನನ್ನ ವಯಸ್ಸಿನ ಕೆಲವರು ಇದೇ ಕಾರಣಕ್ಕೆ ಪಾರ್ಕಿಗೆ ಬರುವುದನ್ನೇ ಬಿಟ್ಟಿದ್ದಾರೆ. ಇನ್ನು ಕೆಲವರು ಬೆಳಗ್ಗೆ ಒಂದು ಲೋಟ ನೀರನ್ನೂ ಕುಡಿಯದೆ ಬರುತ್ತಾರೆ. ಗಂಡಸರು ಗೋಡೆ ಕಂಡಲ್ಲಿ ನಿಲ್ಲುತ್ತಾರೆ ಅನ್ನುವ ದೂರು ಇದೆಯಲ್ಲ, ನಿಲ್ಲುವವರೆಲ್ಲ ಬೇಕಂತಲೇ ನಿಲ್ಲುವವರಲ್ಲ.

ಪ್ರಾಸ್ಟೇಟ್ ಅನ್ನುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಸಣ್ಣ ಗ್ರಂಥಿ. ವಯಸ್ಸಾದಂತೆ ದೊಡ್ಡದಾಗುತ್ತದೆ. 60ರ ಹೊತ್ತಿಗೆ ಸುಮಾರು ಅರ್ಧ ಗಂಡಸರಿಗೆ ಹೀಗಾಗಿರುತ್ತದೆ, 80 ದಾಟಿದವರಲ್ಲಿ ಬಹುತೇಕ ಎಲ್ಲರಿಗೂ. ಮುಚ್ಚಿಟ್ಟುಕೊಂಡು ನಾಚಿಕೆಪಡುವಂಥದ್ದೇನಲ್ಲ.

ನಡೆದರೆ ದೊಡ್ಡದಾದ ಗ್ರಂಥಿ ಚಿಕ್ಕದಾಗುತ್ತದೆ ಅನ್ನುವ ಆಸೆ ಬೇಡ. ಆದರೆ ತೊಂದರೆ ಬರೀ ಗಾತ್ರದ್ದಲ್ಲ. ಗ್ರಂಥಿಯೊಳಗೂ ಮೂತ್ರಕೋಶದ ಬಾಯಲ್ಲೂ ಸ್ನಾಯುಗಳಿವೆ. ಅವು ಬಿಗಿದರೆ ಧಾರೆ ಸಣ್ಣದಾಗುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ ಸೇರಿಕೊಂಡರೆ ಕಷ್ಟ ಇನ್ನೂ ಜಾಸ್ತಿ. ವ್ಯಾಯಾಮ ನೆರವಾಗುವುದು ಇಲ್ಲಿಯೇ. ಅಮೆರಿಕದ ಹಾರ್ವರ್ಡ್ ಸಂಶೋಧಕರು ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 1998ರಲ್ಲಿ ಒಂದು ವರದಿ ಪ್ರಕಟಿಸಿದರು. ವಾರಕ್ಕೆ 2-3 ಗಂಟೆ ನಡೆಯುವವರಲ್ಲಿ ಈ ತೊಂದರೆ ಸುಮಾರು ಶೇ 25ರಷ್ಟು ಕಡಿಮೆ ಕಂಡಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಆದವರ ಬಗ್ಗೆ 2011ರಲ್ಲಿ ಬಂದ ಅಧ್ಯಯನಗಳಲ್ಲೂ ಬಿರುಸಾಗಿ ನಡೆಯುವವರು, ಬೆವರಿಳಿಯುವಂತೆ ವ್ಯಾಯಾಮ ಮಾಡುವವರು ಉಳಿದವರಿಗಿಂತ ಚೆನ್ನಾಗಿದ್ದರು. ಗಟ್ಟಿಮುಟ್ಟಾಗಿದ್ದವರೇ ಜಾಸ್ತಿ ನಡೆದಿರಬಹುದು ಅಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ನಡಿಗೆ ಒಳ್ಳೆಯದು ಅನ್ನುವುದರಲ್ಲಿ ಅನುಮಾನವಿಲ್ಲವಲ್ಲ, ನಡೆದು ಕಳೆದುಕೊಳ್ಳುವುದೇನು?

ರಾತ್ರಿ ನಾಲ್ಕೈದು ಸಲ ಏಳುವವರು ಸಂಜೆಯೂ ನಡೆಯಬೇಕು. ದಿನವಿಡೀ ಕೂತರೆ ಕಾಲಿನಲ್ಲಿ ನೀರು ನಿಲ್ಲುತ್ತದೆ. ಮಲಗಿದಾಗ ಅದು ರಕ್ತಕ್ಕೆ ವಾಪಸಾಗಿ ಮೂತ್ರವಾಗುತ್ತದೆ. ಸಂಜೆ ನಡೆದರೆ ಮೀನಖಂಡ ಅದರಲ್ಲಿ ಒಂದಿಷ್ಟನ್ನು ಆಗಲೇ ಮೇಲಕ್ಕೆ ತಳ್ಳುತ್ತದೆ. ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಕೆಗೆಲ್ ವ್ಯಾಯಾಮ ಬೇರೆ ಇದೆ, ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಮಾಡಿ ಸಡಿಲ ಬಿಡುವುದು, ಕೂತಲ್ಲೇ ಮಾಡಬಹುದು. ಹಾಗಂತ ವಾಕಿಂಗ್ ಇದೆಯಲ್ಲ ಎಂದು ಮಾತ್ರೆ ಬಿಡಬೇಡಿ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮೂತ್ರ ಪೂರ್ತಿ ಕಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಓಡಿ.

ಇಷ್ಟೆಲ್ಲ ತಿಳಿದಿದ್ದೂ ಮನೆ ವರಾಂಡದಲ್ಲೇ ಅತ್ತಿಂದಿತ್ತ ನಡೆಯುವ ಹಿರಿಯರಿದ್ದಾರೆ. ಹೊಸ ಜಿಮ್ ಸಾಮಾನು ತಂದು ಫೋಟೊ ತೆಗೆಸಿಕೊಳ್ಳುವ ಜನಪ್ರತಿನಿಧಿಗಳು ಆ ದುಡ್ಡಲ್ಲಿ ಸ್ವಲ್ಪ ಶೌಚಾಲಯಕ್ಕೆ ಖರ್ಚು ಮಾಡಲಿ. ಹೆಂಗಸರ ಪಾಡಂತೂ ನಮಗಿಂತ ಕಷ್ಟದ್ದು, ಅದಕ್ಕೆ ಬೇರೆಯದೇ ಪತ್ರ ಬೇಕು.

ಸ್ಥಳೀಯ ಆಡಳಿತದವರಲ್ಲಿ ನಾನು ಕೇಳುವುದು ಇಷ್ಟೇ: ಪಾರ್ಕಿನ ಗೇಟು ತೆರೆಯುವ ಹೊತ್ತಿಗೇ ಶೌಚಾಲಯವನ್ನೂ ತೆರೆಸಿ. ಬೀಗದ ಕೈಯನ್ನು ಗೇಟು ತೆರೆಯುವವನಿಗೇ ಕೊಡಿ. ನಲ್ಲಿಯಲ್ಲಿ ನೀರು, ಒಳಗೊಂದು ಬಲ್ಬು, ದಿನಕ್ಕೆರಡು ಸಲ ಕ್ಲೀನ್ ಮಾಡುವವರಿಗೆ ಸರಿಯಾದ ಸಂಬಳ ಇರಲಿ.

ಇಂತಿ,
ಒಬ್ಬ ನಿವೃತ್ತ ನೌಕರ