ಅವಳು ಸಿಟ್ಟಾಗಿಲ್ಲ ಕಣೋ

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಕೇಳಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆಪರೇಷನ್ ಆದ ಮಾರನೇ ದಿನ ‘ಅಪ್ಪಾ’ ಅಂದ ಮಗಳು ಮೂರನೇ ದಿನದಿಂದ ಬಾಯೇ ಬಿಡುತ್ತಿಲ್ಲ, ನನ್ನ ಮೇಲೆ ಸಿಟ್ಟು ಅಂದೆಯಲ್ಲ? ನನ್ನ ಮಗ ಸುಮ್ಮನಾದಾಗ ನಾನೂ ಹಾಗೇ ಅಂದುಕೊಂಡಿದ್ದೆ.

ಇದಕ್ಕೆ ಸೆರೆಬೆಲ್ಲರ್ ಮ್ಯೂಟಿಸಂ ಅಂತಾರೆ. ತಲೆಯ ಹಿಂಬದಿಯ ಕಿರುಮೆದುಳಿನಿಂದ ಮೆಡುಲ್ಲೊಬ್ಲಾಸ್ಟೋಮಾ ಅನ್ನೋ ಕ್ಯಾನ್ಸರ್ ಗೆಡ್ಡೆ ತೆಗೆದ ಮೇಲೆ ಸುಮಾರು ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಒಂದೆರಡು ದಿನ ಮಾತಾಡಿ, ಆಮೇಲೆ ನಿಂತುಬಿಡುತ್ತದೆ. ಸುಮ್ಸುಮ್ನೆ ಅಳು, ಮೈಯೆಲ್ಲ ಸಡಿಲ. ನೀವು ಮಾತಾಡುವುದು ಅವಳಿಗೆ ತಿಳಿಯುತ್ತಿರಬಹುದು. ಹಾಗಾಗಿ ಹಾಸಿಗೆ ಪಕ್ಕ ನಿಂತು ಅಳುಮೋರೆಯ ಮಾತು ಬೇಡ.

ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮವನಿಗೆ 7 ವಾರ ಆಯಿತು. ಮೊದಲು ಬಂದ ಮಾತು ‘ಬೇಡ’. ಔಷಧಿ ತಂದ ನರ್ಸಿಗೆ, ‘ಬೇ... ಡ’ ಅಂತ ಎಳೆದು ಎಳೆದು. ಆಕೆ ಟ್ರೇ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಮಗ ಔಷಧಿ ಬೇಡ ಅಂದದ್ದಕ್ಕೆ ಅಷ್ಟು ಖುಷಿಪಟ್ಟ ಅಪ್ಪ ನಾನೊಬ್ಬನೇ ಇರಬೇಕು.

ಮುಂದೆ ರೇಡಿಯೇಷನ್, ಕೀಮೋ. ಒಂದು ವಿಷಯ ಮರೆಯಬೇಡ: ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ ಕೊಡುವುದಾದರೆ ಮೊದಲ ಡೋಸಿಗೆ ಮುಂಚೆಯೇ ಕಿವಿ ಪರೀಕ್ಷೆ ಮಾಡಿಸು. ಆ ಔಷಧಿ ಸಣ್ಣ, ಕೀರಲು ಸದ್ದುಗಳನ್ನೇ ಮೊದಲು ಕಿತ್ತುಕೊಳ್ಳುತ್ತದೆ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಬೀಪ್ ಅಂದರೂ ಇವನು ಅಲುಗಾಡದೆ ಕೂತೇ ಇದ್ದ. ‘ಆಯ್ತಲ್ಲೋ’ ಅಂದರೆ, ‘ಏನು ಆಯ್ತು?’ ಅಂತ ಕೇಳಿದ. ಆವತ್ತೇ ನನಗೆ ಗೊತ್ತಾದದ್ದು. ವಿನ್‌ಕ್ರಿಸ್ಟಿನ್ ಅನ್ನೋ ಇನ್ನೊಂದು ಕೀಮೋ ಔಷಧಿ ಶುರುವಾದ ಮೇಲೆ ಪಾದ ಎತ್ತಲಾಗದೆ ಎಡವುತ್ತಿದ್ದ, ಚಪ್ಪಲಿ ಜಾರಿದ್ದೂ ಗೊತ್ತಾಗುತ್ತಿರಲಿಲ್ಲ.

ರೇಡಿಯೇಷನ್ ಪೆಟ್ಟು ಮಾತ್ರ ತಡವಾಗಿ ಕಾಣುತ್ತದೆ. ಬೆಳೆಯುವ ಮೆದುಳಿಗೆ ಅದು ಜಾಸ್ತಿ ಹಾನಿ ಮಾಡುತ್ತದೆ ಅಂತಲೇ 3 ವರ್ಷದೊಳಗಿನ ಮಕ್ಕಳಿಗೆ ಆದಷ್ಟೂ ತಪ್ಪಿಸುತ್ತಾರೆ. ಎತ್ತರ ಬೆಳೆಯುವುದು ನಿಲ್ಲಬಹುದು, ಹಾರ್ಮೋನ್ ಇಂಜೆಕ್ಷನ್ ಬೇಕಾಗಬಹುದು. ಓದು ನಿಧಾನವಾಗಬಹುದು. ಇವನಿಗೆ ಲೆಕ್ಕ ಬರುತ್ತದೆ, ಆದರೆ ಗಂಟೆ ಹೊಡೆಯುವಷ್ಟರಲ್ಲಿ ಮುಗಿಯುವುದಿಲ್ಲ. ಹೆಚ್ಚಿನ ಸಮಯ ಕೊಡಿ ಅಂತ ಶಾಲೆಯಲ್ಲಿ ಕೇಳುವುದಕ್ಕೆ ನಾನು ಎರಡು ವರ್ಷ ನಾಚಿಕೊಂಡೆ. ನನ್ನದೇ ದಡ್ಡತನ.

ಗೆಡ್ಡೆಯಿಂದ ಬೆಳಗ್ಗೆ ಬೆಳಗ್ಗೆ ವಾಂತಿ ಆಗುತ್ತಿದ್ದುದನ್ನು ಗ್ಯಾಸ್ಟ್ರಿಕ್ ಅಂದುಕೊಂಡೆ ಅಂತ ಬೈದುಕೊಳ್ಳಬೇಡ. ನಾವೂ ಹಾಗೇ ಅಂದುಕೊಂಡಿದ್ದೆವು.

ನಾಳೆ ಸಂಜೆ ಬರುತ್ತೇನೆ. ಇವನೂ ಬರ್ತೀನಿ ಅಂತ ಕೂತಿದ್ದಾನೆ, ಅವಳಿಗೆ ಏನೋ ಹೇಳಬೇಕಂತೆ. ಒಂದು ಮಾತು ಮುಗಿಸಲು ಅವನಿಗೆ ಹೊತ್ತು ಹಿಡಿಯುತ್ತದೆ, ನಡುವೆ ಬಾಯಿ ಹಾಕಬೇಡ.

ನಿನ್ನವ