ಸ್ಪೀಕರ್ ಬದಲಿಸುವ ಮೊದಲು ಅದರ ಜಾಗ ಬದಲಿಸಿ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಬಳಸುವ ದುಬಾರಿ ಸ್ಪೀಕರ್‌ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ ಕೊಳ್ಳುವ ವಿಚಾರ ಬೇಕಾದಷ್ಟಿತ್ತು. ಇಡುವ ವಿಚಾರ ಮಾತ್ರ ಒಂದೇ ಸಾಲು: ಗೋಡೆಗೆ ತಾಗಿಸಿಟ್ಟರೆ ಬಾಸ್ (ತಗ್ಗು ಸ್ವರ) ಹೆಚ್ಚುತ್ತದೆ ಎಂದು. ಹೆಚ್ಚುವುದು ನಿಜ. ಆದರೆ ಹಾಗೆ ಹೆಚ್ಚುವುದು ಗುಂಯ್ ಎನ್ನುವ ಬಾಸ್, ಜೊತೆಗೆ ಇನ್ನೇನೋ ಕಳೆದುಹೋಗುತ್ತದೆ.

ಪೆಟ್ಟಿಗೆಯಲ್ಲಿ ಬಾಸ್ ನುಡಿಸುವ ಭಾಗವಾದ ವೂಫರ್‌ನಿಂದ ಹೊರಟ ತಗ್ಗು ಸ್ವರ ಮುಂದಕ್ಕಷ್ಟೇ ಹೋಗುವುದಿಲ್ಲ, ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಿನ ಗೋಡೆಗೂ ಹೋಗಿ ತಿರುಗಿ ಬರುತ್ತದೆ. ವೂಫರ್‌ನ ಮುಖದಿಂದ ಗೋಡೆಗಿರುವ ದೂರ ಯಾವ ಸ್ವರದ ತರಂಗದ ಕಾಲುಭಾಗದಷ್ಟಿದೆಯೋ, ಆ ಸ್ವರ ವಾಪಸು ಬರುವಾಗ ನೇರ ಸ್ವರಕ್ಕೆ ಎದುರುಬಿದ್ದು ಅದನ್ನು ನುಂಗಿಹಾಕುತ್ತದೆ. ಲೆಕ್ಕ ಕಷ್ಟವಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಅದನ್ನು ಈ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ನುಂಗಿಹೋಗುವ ಸ್ವರ ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕದಲ್ಲಿ, ಸಿಗುತ್ತದೆ. 1 ಮೀಟರ್ ದೂರಕ್ಕೆ 86 ಹರ್ಟ್ಜ್, 60 ಸೆಂ.ಮೀ.ಗೆ 143. ಪೆಟ್ಟಿಗೆ ಗೋಡೆಗೆ ತಾಗಿದ್ದರೂ ಅದರ ಆಳವೇ 35 ಸೆಂ.ಮೀ. ಇದ್ದರೆ ಸ್ವರ ಹೀಗೆ ಕುಗ್ಗುವ ಈ ಹಳ್ಳ 245 ಹರ್ಟ್ಜ್ ಆಸುಪಾಸಿಗೆ ಏರುತ್ತದೆ. ಹಾಡುವವರ ಕಂಠದ ತುಂಬು ಇರುವುದೇ ಅಲ್ಲಿ. ಹಾಗಾಗಿ ಧ್ವನಿ ಸೊರಗಿ, ಕೆಳಗೆ ಡ್ರಮ್ ಮಾತ್ರ ಊದಿಕೊಂಡು ಕೇಳುತ್ತದೆ. ಆಂಪ್ಲಿಫೈಯರ್ (ಆಂಪ್) ಬದಲಿಸಿ ಇದನ್ನು ಸರಿಮಾಡಲು ಆಗದು. ಒಂದೊಂದು ಸ್ವರವನ್ನು ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ಏರಿಸಿದರೂ ಫಲವಿಲ್ಲ, ನೇರ ಸ್ವರ ಎಷ್ಟು ಏರಿತೋ ಗೋಡೆಯಿಂದ ಬರುವುದೂ ಅಷ್ಟೇ ಏರುತ್ತದೆ.

ಸರಿಯಾಗಿ ಇಡಲು ಒಂದು ಅಳತೆ ಟೇಪು, ನೆಲದ ಮೇಲೆ ಗುರುತು ಹಾಕಲು ಅಂಟುವ ಕಾಗದದ ಪಟ್ಟಿ ಸಾಕು. ಎರಡು ಪೆಟ್ಟಿಗೆಗಳ ಟ್ವೀಟರ್‌ಗಳ (ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗಗಳ) ನಡುವೆ 2.2 ಮೀಟರ್ ಇದ್ದರೆ ಪ್ರತಿಯೊಂದರಿಂದ ಕೇಳುಗನ ತಲೆಗೂ ಅಷ್ಟೇ, ಇಲ್ಲವೇ ತುಸು ಹೆಚ್ಚು ಇರಲಿ. ಎಡಬಲದ ದೂರದಲ್ಲಿ ವ್ಯತ್ಯಾಸ 1 ಸೆಂ.ಮೀ. ಮೀರದಿರಲಿ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ, ಅಂದರೆ ನೆಲದಿಂದ 90–100 ಸೆಂ.ಮೀ. ಎತ್ತರಕ್ಕೆ ಬರಬೇಕು. ಇಲ್ಲಿ ಹಲವರು ಎಡವುವ ಒಂದು ಸಂಗತಿಯಿದೆ. ವೂಫರ್‌ನಿಂದ ಹಿಂದಿನ ಗೋಡೆಗೆ, ಪಕ್ಕದ ಗೋಡೆಗೆ, ನೆಲಕ್ಕೆ ಇರುವ ಮೂರು ದೂರಗಳು ಒಂದೇ ಆಗಿರಬಾರದು. ಒಂದೇ ಆದರೆ ಮೂರು ಹಳ್ಳಗಳೂ ಒಂದೇ ಸ್ವರದ ಮೇಲೆ ಬೀಳುತ್ತವೆ. ಆಮೇಲೆ 5 ಸೆಂ.ಮೀ.ನಂತೆ ಸರಿಸುತ್ತಾ, ಪ್ರತಿ ಜಾಗಕ್ಕೂ ಗುರುತು ಹಾಕುತ್ತಾ, ಒಂಟಿ ಧ್ವನಿಯ ಮೋನೊ (ಎರಡೂ ಪೆಟ್ಟಿಗೆಗೆ ಒಂದೇ ಸದ್ದು ಹೋಗುವ) ಧ್ವನಿಮುದ್ರಣ ಕೇಳಿ. ಧ್ವನಿ ನಟ್ಟನಡುವೆ, ಒಂದೇ ಬಾಯಿಯಿಂದ ಬಂದಂತೆ ನಿಲ್ಲಬೇಕು.

ಕುರ್ಚಿಯ ಜಾಗವೂ ಮುಖ್ಯ. ತಲೆ ಕೂತವರ ಬೆನ್ನ ಹಿಂದಿನ ಗೋಡೆಗೆ ಒರಗಿದ್ದರೆ ಬಾಸ್ ರಾಶಿ ಬೀಳುತ್ತದೆ. 5 ಮೀಟರ್ ಉದ್ದದ ಕೋಣೆಯ ಸರಿಮಧ್ಯದಲ್ಲಿ ಕೂತರೆ 34 ಹರ್ಟ್ಜ್ ಆಸುಪಾಸಿನದು ಬಹುತೇಕ ಮಾಯ. ಬೆನ್ನ ಹಿಂದಿನ ಆ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಬಂದು ಪ್ರಯೋಗ ಶುರುಮಾಡಬಹುದು.

ಇಷ್ಟಾದರೂ ಧ್ವನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ, ಬಾಸ್ ಸೊರಗಿದ್ದರೆ ಒಂದು ಪೆಟ್ಟಿಗೆಯ ಪ್ಲಸ್-ಮೈನಸ್ ತಂತಿ ಅದಲುಬದಲಾಗಿರಬಹುದು. ಆಂಪ್ ಆರಿಸಿ, ಅದರ ಕಡೆಯ ಕೇಬಲ್ ತುದಿಗಳನ್ನು ಬಿಚ್ಚಿ, 1.5 ವೋಲ್ಟ್ ಸೆಲ್ಲಿಗೆ ಕ್ಷಣಮಾತ್ರ ತಾಗಿಸಿ. ಕೆಂಪು ತಂತಿ ಪ್ಲಸ್‌ಗೆ ತಾಗಿದಾಗ ಎರಡೂ ಪೆಟ್ಟಿಗೆಗಳ ವೂಫರ್ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಮುಂದಕ್ಕೆ, ಜಿಗಿಯಬೇಕು. ಇನ್ನು ಕೇಬಲ್ಲಿನ ಮಹಿಮೆಗೆ ಲೇಖನ ಎರಡು ಪ್ಯಾರಾ ಮೀಸಲಿಟ್ಟಿತ್ತು. 2.5 ಚದರ ಮಿ.ಮೀ. ತಾಮ್ರದ ತಂತಿಯನ್ನು 5 ಮೀಟರ್ ಎಳೆದರೆ ಹೋಗಿಬರುವ ಒಟ್ಟು ರೋಧ 0.07 ಓಮ್, 8 ಓಮ್ ಸ್ಪೀಕರ್‌ನ ಎದುರು ಅದು ಲೆಕ್ಕಕ್ಕೇ ಇಲ್ಲ. ಟರ್ಮಿನಲ್‌ನಿಂದ ಒಂದು ಎಳೆ ಹೊರಗೆ ಚಾಚಿ ಪಕ್ಕದ್ದಕ್ಕೆ ತಾಗಿದರೆ ಆಂಪ್ ಸುಡಬಹುದು. ಕಣ್ಣಿಡಬೇಕಾದದ್ದು ಅದರ ಮೇಲೆ.

‘ಹೆಚ್ಚು ವಾಟ್‌ನ ಆಂಪ್ ಟ್ವೀಟರ್ ಸುಡುತ್ತದೆ’ ಎಂಬ ಮಾತು ಅರ್ಧ ಸತ್ಯ. ಸ್ಪೀಕರ್‌ನ ಸದ್ದು 10 ಡೆಸಿಬೆಲ್ ಏರಬೇಕಾದರೆ ಶಕ್ತಿ ಹತ್ತು ಪಟ್ಟು ಬೇಕು. 3 ವಾಟ್‌ನಲ್ಲಿ ಹಾಯಾಗಿ ಹಾಡುತ್ತಿದ್ದದ್ದು ಆಗ 30 ಕೇಳುತ್ತದೆ, ಇನ್ನೂ 10 ಏರಿಸಿದರೆ 300. ಸಣ್ಣ ಆಂಪ್ ಅಷ್ಟು ಕೊಡಲಾರದೆ ಅಲೆಯ ತುದಿಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ಅಲೆಯಲ್ಲಿ ಮೇಲಿನ ಸ್ವರಗಳ ಪಾಲು ಹೆಚ್ಚು, ಅದೆಲ್ಲ ಹೋಗಿ ಬೀಳುವುದು ಕೂದಲೆಳೆಯಂಥ ತಂತಿ ಸುತ್ತಿದ ಟ್ವೀಟರ್ ಮೇಲೆ. ದೊಡ್ಡ ಆಂಪ್‌ನಿಂದಲೂ ಸುಡಬಹುದು, ಇಲ್ಲವೆನ್ನುವುದಿಲ್ಲ. ವಾಟ್ ಎಷ್ಟೇ ಇರಲಿ, ಸದ್ದು ಕರಕರ ಎನ್ನತೊಡಗಿತೆಂದರೆ ವಾಲ್ಯೂಮ್ ಇಳಿಸಿಬಿಡಿ.

ಆರೈಕೆಯಲ್ಲಿ ಬಹುಪಾಲು ಕೆಲಸ ಮುಟ್ಟದಿರುವುದೇ. ಕೋನ್ (ವೂಫರ್‌ನ ಕಂಪಿಸುವ ಮುಖ) ಮೇಲಿನ ಧೂಳಿಗೆ ಮೆತ್ತನೆಯ ಒಣ ಬ್ರಷ್ ಸಾಕು. ಟ್ವೀಟರ್‌ನ ಗುಮ್ಮಟದಂಥ ಡೋಮ್‌ಗೆ ಅದೂ ಬೇಡ. ವ್ಯಾಕ್ಯೂಮ್ ಕ್ಲೀನರ್‌ನ ಮೂತಿಯನ್ನಂತೂ ಹತ್ತಿರ ತರಲೇಬೇಡಿ. ಕೋನ್ ಅಂಚಿನ ಫೋಮ್ 15–20 ವರ್ಷಕ್ಕೆ, ತೇವವಿದ್ದಲ್ಲಿ ಇನ್ನೂ ಬೇಗ, ಬೆರಳಿಟ್ಟರೆ ಪುಡಿಯಾಗುವಷ್ಟು ಹಾಳಾಗುತ್ತದೆ. ರಬ್ಬರ್ ಹೆಚ್ಚು ಬಾಳುತ್ತದೆ. ಅಂಚು ಹರಿದ ಮೇಲೂ ಬಳಸಿದರೆ ಕೋನನ್ನು ಅಲುಗಿಸುವ ತಂತಿಸುರುಳಿ (ಕಾಯಿಲ್) ವಾಲಿ ಆಯಸ್ಕಾಂತಕ್ಕೆ ಉಜ್ಜುತ್ತದೆ. ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿ ನೋಡಿ. ಸರ್‌ಸರ್ ಎಂದರೆ ಉಜ್ಜುತ್ತಿದೆ ಎಂದೇ ಅರ್ಥ. ಫೋಮ್ ಬದಲಿಸುವುದಾದರೆ ಎರಡೂ ಪೆಟ್ಟಿಗೆಯದನ್ನು ಒಟ್ಟಿಗೆ ಬದಲಿಸಿ.

ವರ್ಷಕ್ಕೊಮ್ಮೆ ಡ್ರೈವರ್‌ಗಳ, ಅಂದರೆ ವೂಫರ್ ಟ್ವೀಟರ್‌ಗಳ, ಸ್ಕ್ರೂ ಬಿಗಿ ನೋಡುವುದು ಒಳ್ಳೆಯದು. ಡ್ರಿಲ್ ಯಂತ್ರ ಬೇಡ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ತೂತು ಕಿತ್ತುಬಂದರೆ ಸ್ಕ್ರೂ ಮತ್ತೆ ಕೂರುವುದಿಲ್ಲ. ಕೈಯ ಸ್ಕ್ರೂಡ್ರೈವರ್ ಬಳಸುವಾಗಲೂ ಅದರ ಕಬ್ಬಿಣದ ತುದಿಯನ್ನು ಇನ್ನೊಂದು ಕೈಯ ಎರಡು ಬೆರಳುಗಳ ನಡುವೆ ಹಿಡಿದಿರಿ. ಒಳಗಿನ ಆಯಸ್ಕಾಂತ ಅದನ್ನು ಸೆಳೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೋನ್ ತೂತಾಗಿರುತ್ತದೆ.

ಮುಂದಿನ ಸಲ ಇಂಥ ಲೇಖನ ಪ್ರಕಟಿಸುವಾಗ ಬೆಲೆಪಟ್ಟಿಯ ಪಕ್ಕದಲ್ಲಿ ಅಳತೆ ಬರೆದ ಕೋಣೆಯ ನಕ್ಷೆಯೊಂದಕ್ಕೂ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ