ಆ ಜಾಗದ ಬಿಳಿ ಮಚ್ಚೆಯನ್ನೂ ತಪಾಸಣೆಯಲ್ಲಿ ನೋಡಲಿ

ಮಾನ್ಯರೆ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆ ಕುರಿತ ಬರಹ ಓದಿದೆ. ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಬೇಕು, ಎರಡು ಮಾತಿಲ್ಲ. ಆದರೆ ಜನನಾಂಗದ ಕ್ಯಾನ್ಸರೆಲ್ಲ ಆ ವೈರಸ್ಸಿನಿಂದಲೇ ಬರುತ್ತದೆ ಎಂದು ಓದಿದವರು ತಿಳಿದಾರು. ಹಾಗಲ್ಲ. ಮುಟ್ಟು ನಿಂತ ವಯಸ್ಸಿನವರಲ್ಲಿ ಯೋನಿದ್ವಾರದ ಸುತ್ತಲಿನ ಚರ್ಮಕ್ಕೆ ಬರುವ ಕ್ಯಾನ್ಸರಿಗೆ ಎಷ್ಟೋ ಸಲ ವೈರಸ್ಸಿನ ಸೋಂಕೇ ಇರುವುದಿಲ್ಲ. ವರ್ಷಗಟ್ಟಲೆ ಉರಿಯೂತದಲ್ಲಿ ಬೆಂದ ಚರ್ಮದಲ್ಲಿ ಅದು ಹುಟ್ಟುತ್ತದೆ.

ಆ ಉರಿಯೂತಗಳಲ್ಲಿ ಮುಖ್ಯವಾದದ್ದು ಲೈಕೆನ್ ಸ್ಕ್ಲೀರೋಸಸ್. ಚರ್ಮ ಬೆಳ್ಳಗಾಗಿ ಬೆಳ್ಳುಳ್ಳಿ ಸಿಪ್ಪೆಯಂತೆ ಸುಕ್ಕುಗಟ್ಟುತ್ತದೆ. ರಾತ್ರಿ ನಿದ್ದೆಗೆಡಿಸುವ ತುರಿಕೆ, ಮೂತ್ರ ಹೋಗುವಾಗ ಉರಿ. ಅಂಟುರೋಗವಲ್ಲ, ಗುಪ್ತರೋಗವೂ ಅಲ್ಲ. ಗಂಡಸರಿಗೂ ಬರುತ್ತದೆ, ಮುಂದೊಗಲು ಬಿಗಿದುಕೊಂಡರೆ 'ಶುಗರ್ ಇದೆಯಲ್ಲ, ಅದಕ್ಕೇ' ಎಂದು ಸುಮ್ಮನಾಗುತ್ತಾರೆ. ಅವರಲ್ಲೂ ಅದು ಶಿಶ್ನದ ಕ್ಯಾನ್ಸರಿಗೆ ದಾರಿಯಾಗಬಲ್ಲದು.

ನಾನು ನಿವೃತ್ತ ನರ್ಸ್. ಹೆಂಗಸರು ಈ ವಿಷಯವನ್ನು ಕೊನೆಗೆ, ಚೀಟಿ ಮಡಚಿ ಎದ್ದು ನಿಂತ ಮೇಲೆ ತೆಗೆಯುತ್ತಿದ್ದರು: "ಸಿಸ್ಟರ್, ಇನ್ನೊಂದು ಮಾತಿತ್ತು." ಅಷ್ಟರಲ್ಲಿ ಕೊಬ್ಬರಿ ಎಣ್ಣೆ, ಡೆಟ್ಟಾಲ್ ನೀರು, ಮೆಡಿಕಲ್ ಶಾಪ್‌ನವರು ಕೊಟ್ಟ ಟ್ಯೂಬು ಎಲ್ಲ ಮುಗಿದಿರುತ್ತಿತ್ತು. ತೊನ್ನು ಎಂದು ಹೆದರಿ, ಮಗಳ ಸಂಬಂಧ ಕೂಡಿ ಬರುವವರೆಗೆ ಗಂಡನಿಗೂ ಹೇಳದೆ ಮುಚ್ಚಿಟ್ಟವರೊಬ್ಬರು ಬಂದಾಗ ಅಲ್ಲಿ ಗಂಟು ಕಟ್ಟಿತ್ತು.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಈ ಕಾಯಿಲೆ ಇರುವ ನೂರು ಹೆಂಗಸರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ 507 ಹೆಂಗಸರನ್ನು ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವೈದ್ಯರು ಹೇಳಿದಂತೆ ಸ್ಟೀರಾಯ್ಡ್ ಮುಲಾಮು ಹಚ್ಚಿದ 357 ಮಂದಿಯಲ್ಲಿ ಒಬ್ಬರಿಗೂ ಕ್ಯಾನ್ಸರಾಗಲಿ ಅದರ ಪೂರ್ವಸ್ಥಿತಿಯಾಗಲಿ ಕಾಣಲಿಲ್ಲ. ಹಚ್ಚಿದರೆ ಹಚ್ಚಿದೆ, ಬಿಟ್ಟರೆ ಬಿಟ್ಟೆ ಎಂದಿದ್ದ 150 ಮಂದಿಯಲ್ಲಿ ಏಳು ಜನರಿಗೆ ಬಂತು. ತಮಾಷೆಯೆಂದರೆ, ಅಂಗಡಿಯ ಎಷ್ಟೋ ಬೆರಕೆ ಟ್ಯೂಬುಗಳಲ್ಲಿರುವುದೂ ಕ್ಲೋಬೆಟಸಾಲ್ ಎಂಬ ಇದೇ ಜಾತಿಯ ಮದ್ದು. ಹುಳುಕಡ್ಡಿಗೆ ಹಚ್ಚಿದರೆ ಅದು ಕೆರಳಿಸುತ್ತದೆ. ಇಲ್ಲಿ, ವೈದ್ಯರು ನೋಡಿ ಅಳತೆ ಹೇಳಿದರೆ, ಕಾಪಾಡುತ್ತದೆ. ಯಾವುದಕ್ಕೆ ಹಚ್ಚುತ್ತಿದ್ದೇವೆಂದು ಗೊತ್ತಿರಬೇಕಷ್ಟೆ.

ಆರೋಗ್ಯ ಇಲಾಖೆಗೆ ನನ್ನದೊಂದು ಕೋರಿಕೆ. ಮೂವತ್ತು ದಾಟಿದ ಮಹಿಳೆಯರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆಯ ಕಾರ್ಯಕ್ರಮ ಈಗಾಗಲೇ ಇದೆ. ಗರ್ಭಕಂಠ ನೋಡಲು ಹೇಗೂ ಮೇಜಿನ ಮೇಲೆ ಮಲಗಿಸಿ ದೀಪ ಹಾಕಿರುತ್ತಾರೆ. ಉಪಕರಣ ಒಳಗಿಡುವ ಮುಂಚೆ ಅರ್ಧ ನಿಮಿಷ ಹೊರಚರ್ಮವನ್ನೂ ನೋಡಲು ಸಿಸ್ಟರ್‌ಗಳಿಗೆ ಕಲಿಸಿ. ಬಿಳಿ ಮಚ್ಚೆಯಿದ್ದರೆ ಚರ್ಮರೋಗ ತಜ್ಞರ ಬಳಿಗೆ, ವಾಸಿಯಾಗದ ಹುಣ್ಣೋ ಗಂಟೋ ಇದ್ದರೆ ತಡಮಾಡದೆ ಬಯಾಪ್ಸಿಗೆ (ಚೂರು ತೆಗೆದು ಮಾಡುವ ಪರೀಕ್ಷೆಗೆ) ಕಳಿಸಲಿ. ಹೊಸ ಯಂತ್ರ ಬೇಡ, ಹೊಸ ಯೋಜನೆಯೂ ಬೇಡ.

– ನಿವೃತ್ತ ಸ್ಟಾಫ್ ನರ್ಸ್, ಹಾವೇರಿ
(ಹೆಸರು ಪ್ರಕಟಿಸದಿರಲು ಕೋರಿಕೆ)